ಟಿವಿ ಹಿಂದಿನ ಬಿಳಿ ಬೆಳಕು ಕೆಂಪಾಗುತ್ತಿದ್ದುದು ಸರಿಹೋದ ಬಗೆ

ರಾಯಚೂರಿನ ನಮ್ಮ ಮನೆಯಲ್ಲಿ ಟಿವಿಯ ಬೆನ್ನಿಗೆ 120 ದೀಪಗಳ ಡಬ್ಲ್ಯುಎಸ್2812ಬಿ ಎಲ್‌ಇಡಿ ಪಟ್ಟಿಯನ್ನು (ಒಂದೊಂದು ದೀಪದ ಬಣ್ಣವನ್ನೂ ಬೇರೆಬೇರೆಯಾಗಿ ಬದಲಿಸಬಹುದಾದ ಬಗೆ) ಅಂಟಿಸಿ, ತೆರೆಯ ಅಂಚಿನ ಬಣ್ಣವೇ ಗೋಡೆಯ ಮೇಲೂ ಹರಡುವಂತೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ದೀಪಗಳಿಗೆ ಸಂಕೇತ ಕಳಿಸುವ ಇಎಸ್‌ಪಿ32 ಎಂಬ ನಿಯಂತ್ರಕ ಬೋರ್ಡ್ ಮೂಲಕ ಜೋಡಿಸಿದ್ದೆ. ಆದರೆ ಬೆಳ್ಳನೆಯ ದೃಶ್ಯ ಬಂದಾಗಲೆಲ್ಲ ಪಟ್ಟಿಯ ಆರಂಭದ ಭಾಗ ಬಿಳಿಯಾಗಿಯೇ ಬೆಳಗುತ್ತಿದ್ದರೂ ಕೊನೆಯ ಭಾಗ ಹಳದಿಗೆ ತಿರುಗಿ, ಮೂಲೆಯಲ್ಲಿ ಇಟ್ಟಿಗೆಯ ಕೆಂಪಿಗೆ ಇಳಿಯುತ್ತಿತ್ತು.

ಕಾರಣ ತಂತ್ರಾಂಶದಲ್ಲಿರಲಿಲ್ಲ. ಪೂರ್ಣ ಬಿಳಿಯಲ್ಲಿ ಒಂದೊಂದು ದೀಪವೂ ಗರಿಷ್ಠ 60 ಮಿಲಿಆಂಪಿಯರ್‌ವರೆಗೆ ಎಳೆಯುವುದರಿಂದ, 7 ಆಂಪಿಯರ್‌ನಷ್ಟು ವಿದ್ಯುತ್ತು ಪಟ್ಟಿಯೊಳಗಿನ ತೆಳು ತಾಮ್ರದಲ್ಲಿ ಹರಿಯಬೇಕಾಗಿ ದಾರಿಯಲ್ಲೇ ವೋಲ್ಟೇಜ್ ಕುಸಿಯುತ್ತದೆ. ಪ್ರತಿ ದೀಪದೊಳಗೂ ಕೆಂಪು, ಹಸಿರು, ನೀಲಿ ಸೇರಿಯೇ ಬಿಳಿ ಮೂಡುತ್ತದೆ; ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿ ಹಸಿರುಗಳಿಗೆ 3 ವೋಲ್ಟ್‌ನಷ್ಟು ಬೇಕು, ಹಾಗಾಗಿ ಅವೇ ಮೊದಲು ಮಂಕಾಗುತ್ತವೆ. ಮಲ್ಟಿಮೀಟರ್ ಕಡ್ಡಿಗಳನ್ನು ಕೊನೆಯ ತಾಮ್ರದ ಬಿಂದುಗಳಿಗೆ ಒತ್ತಿದಾಗ 5ರ ಬದಲು 3.6 ವೋಲ್ಟ್ ಕಂಡಿತು.

5 ವೋಲ್ಟ್, 10 ಆಂಪಿಯರ್ ವಿದ್ಯುತ್ ಸಪ್ಲೈಯಿಂದ ದಪ್ಪ ತಂತಿಗಳನ್ನು ಎಳೆದು ಪಟ್ಟಿಯ ಎರಡೂ ತುದಿಗಳಿಗೂ ನಡುವಿಗೂ ಬೆಸುಗೆ ಹಾಕಿದ ಕೂಡಲೇ ಬಿಳಿ ಎಲ್ಲೆಡೆ ಒಂದೇ ಸಮನಾಯಿತು. ಇಎಸ್‌ಪಿ32ರ ಗ್ರೌಂಡನ್ನು (ಋಣ ತುದಿ) ಸಪ್ಲೈ ಗ್ರೌಂಡಿಗೆ ಸೇರಿಸಲೇಬೇಕು. ಆಗಾಗ ಕಾಣುತ್ತಿದ್ದ ಮಿಣುಕಾಟವು, 3.3 ವೋಲ್ಟ್ ಸಂಕೇತವನ್ನು 5ಕ್ಕೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿದ ಮೇಲೆ ನಿಂತಿತು. ಬೇಸಿಗೆ 40 ಡಿಗ್ರಿ ದಾಟುವ ನಮ್ಮ ಕಡೆ ಪಟ್ಟಿಯ ಅಂಟನ್ನಷ್ಟೇ ನಂಬುವಂತಿಲ್ಲವಾದ್ದರಿಂದ ಅದನ್ನು ಅಲ್ಯೂಮಿನಿಯಂ ಚಾನಲ್‌ನಲ್ಲಿ ಕೂರಿಸಿದ್ದೇನೆ.