ಟೆಕ್ಸಾಸ್‌ನಲ್ಲಿ ಮನೆ ಕೊಂಡಿರಾ? ಕಾಗದದಲ್ಲಿರುವ ಆ ಹಳೇ ಹೆಸರು ಓದಿ

ಆಸ್ಟಿನ್, ರೌಂಡ್ ರಾಕ್, ಫ್ರಿಸ್ಕೊ ಕಡೆಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಶಾಲೆ ಹೇಗಿದೆ, ತೆರಿಗೆ ಎಷ್ಟು ಅಂತ. ಅದು ಬೇಕಾದದ್ದೇ. ಆದರೆ ಮನೆಯ ಕಾಗದ ಕೈಗೆ ಬಂದಾಗ ಇನ್ನೊಂದು ಸಾಲನ್ನೂ ಓದಿ. ಆ ಸಾಲು ನನಗೆ ತೋರಿಸಿದ್ದು ನಮ್ಮಪ್ಪ.

ಅಪ್ಪ ಹಾಸನ ಜಿಲ್ಲೆಯಲ್ಲಿ ಗ್ರಾಮಲೆಕ್ಕಿಗರಾಗಿದ್ದವರು. ನಾವು ರೌಂಡ್ ರಾಕ್‌ನಲ್ಲಿ ಮನೆ ಕೊಂಡ ವರ್ಷ ಬಂದಿದ್ದರು. ಕಾಗದಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು, "ಇದರ ಸರ್ವೆ ನಂಬರ್ ಎಲ್ಲೋ?" ಅಂದರು. ಲಾಟ್ ನಂಬರು, ಬ್ಲಾಕ್ ನಂಬರು ತೋರಿಸಿದೆ. "ಇದು ಲೇಔಟಿನವರು ಹಾಕಿದ ಸೈಟ್ ನಂಬರು ಕಣೋ. ಅದಕ್ಕೂ ಮುಂಚೆ ಯಾರದಿತ್ತು?" ಲೇಔಟಿನ ನಕ್ಷೆ ತೆಗೆದೆವು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಬ್ಬರ ಹೆಸರು, ಮುಂದೆ 'ಸರ್ವೆ' ಅಂತ, ಆಮೇಲೆ ಒಂದು ಅಬ್‌ಸ್ಟ್ರಾಕ್ಟ್ ನಂಬರು, ಅಂದರೆ ಆ ಮೂಲ ಸರ್ವೆಗೆ ಕೌಂಟಿವಾರು ಕೊಟ್ಟ ಸಂಖ್ಯೆ.

ಆ ಹೆಸರು ಸಾಮಾನ್ಯವಾಗಿ ಆ ನೆಲವನ್ನು ಸರ್ಕಾರದಿಂದ ಮೊದಲು ಮಂಜೂರು ಮಾಡಿಸಿಕೊಂಡವರದು. ನಮ್ಮ ಮನೆಯಿರುವುದು ಎಂಟು ಗುಂಟೆಯೊಳಗೆ. ಆ ಒಬ್ಬರಿಗೆ ಸಿಕ್ಕಿದ್ದು 1,476 ಎಕರೆ.

ಅಷ್ಟೊಂದು ಯಾಕೆ ಕೊಟ್ಟರು? 1836ರ ಮಾರ್ಚ್ 2ರಂದು ಟೆಕ್ಸಾಸ್ ಮೆಕ್ಸಿಕೊದಿಂದ ಬೇರೆಯಾಗಿ ಸ್ವತಂತ್ರ ಗಣರಾಜ್ಯ ಅಂತ ಘೋಷಿಸಿಕೊಂಡಿತು. ಸುಮಾರು 10 ವರ್ಷ ಅದು ಬೇರೆಯೇ ದೇಶ. ಬೊಕ್ಕಸ ಖಾಲಿ, ಮೈತುಂಬ ಸಾಲ, ಜನ ಕಡಿಮೆ. ಇದ್ದದ್ದು ನೆಲ ಒಂದೇ. ನೆಲ ಕೊಟ್ಟು ಜನರನ್ನು ಕರೆಯುವ ಪದ್ಧತಿ ಮೆಕ್ಸಿಕೊ ಕಾಲದ್ದೇ. ಸ್ಟೀಫನ್ ಆಸ್ಟಿನ್ ತಂದು ನೆಲೆಗೊಳಿಸಿದ ಮೊದಲ 300 ಕುಟುಂಬಗಳಲ್ಲಿ ಹೆಚ್ಚಿನವರಿಗೆ ಒಂದೊಂದು 'ಲೀಗ್', ಅಂದರೆ 4,428 ಎಕರೆ ಸಿಕ್ಕಿತ್ತು. ಗಣರಾಜ್ಯ ಅದೇ ಲೆಕ್ಕ ಮುಂದುವರಿಸಿತು. ಸ್ವಾತಂತ್ರ್ಯ ಘೋಷಿಸಿದ ದಿನ ಅಲ್ಲಿ ವಾಸವಿದ್ದ ಸಂಸಾರಸ್ಥರಿಗೆ ಒಂದು ಲೀಗ್ ಜೊತೆಗೆ 'ಲಾಬೋರ್' ಅಂತ 177 ಎಕರೆ. ಒಂಟಿ ಗಂಡಸಿಗೆ ಲೀಗಿನ ಮೂರನೇ ಒಂದು ಭಾಗ. ನಮ್ಮ ನೆಲದ 1,476 ಬಂದದ್ದು ಹಾಗೆ. ಆಮೇಲೆ, 1837ರ ಅಕ್ಟೋಬರ್ 1ರೊಳಗೆ ಬಂದ ಕುಟುಂಬಕ್ಕೆ 1,280 ಎಕರೆ. ಅದಕ್ಕೂ ತಡವಾಗಿ ಬಂದರೆ 640. ಬರೋದು ತಡವಾದಷ್ಟೂ ಪಾಲು ಸಣ್ಣದು.

ಈ ನೆಲದ ಹಕ್ಕು ಕೊಟ್ಟದ್ದು ಗಣರಾಜ್ಯದ ಸಂವಿಧಾನ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಆಫ್ರಿಕನ್ನರು, ಅವರ ಸಂತತಿಯವರು, ಇಂಡಿಯನ್ನರು, ಇವರಿಗೆ ಈ ಹಕ್ಕಿಲ್ಲ. ಇಂಡಿಯನ್ ಅಂದರೆ ಇಲ್ಲಿ ಮೂಲನಿವಾಸಿಗಳು. ಆ ಪದ ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಪೂರ್ವ ಟೆಕ್ಸಾಸ್‌ನ ಚೆರೊಕೀಗಳಿಗೆ ನೆಲ ಕೊಡುತ್ತೇವೆಂದು 1836ರಲ್ಲೇ ಸ್ಯಾಮ್ ಹ್ಯೂಸ್ಟನ್, ಮುಂದೆ ಗಣರಾಜ್ಯದ ಅಧ್ಯಕ್ಷರಾದವರು, ಒಪ್ಪಂದಕ್ಕೆ ಸಹಿ ಹಾಕಿದ್ದರು. ಮರುವರ್ಷ ಸೆನೆಟ್ ಅದನ್ನು ತಳ್ಳಿಹಾಕಿತು. 1839ರಲ್ಲಿ ಸೈನ್ಯ ಅವರನ್ನು ಓಡಿಸಿತು, ಅವರ ವಯಸ್ಸಾದ ನಾಯಕ ಬೌಲ್ಸ್ ಕಾದಾಟದಲ್ಲಿ ಸತ್ತರು. ಮಕ್ಕಳಿಗೆ ಟೆಕ್ಸಾಸ್ ಚರಿತ್ರೆ ಹೇಳುವಾಗ ಇದನ್ನು ಬಿಟ್ಟು ಹೇಳಬೇಡಿ.

ಮಂಜೂರಾತಿ ಸುಮ್ನೆ ಕೈಗೆ ಬರುತ್ತಿರಲಿಲ್ಲ. ಕೌಂಟಿಯ ಮಂಡಳಿಯ ಮುಂದೆ ಪ್ರಮಾಣ ಮಾಡಿ, ಸಾಕ್ಷಿ ಕೊಟ್ಟು ಸರ್ಟಿಫಿಕೇಟ್ ಪಡೆಯಬೇಕು. ಅದು ನಮ್ಮ ಸಾಗುವಳಿ ಚೀಟಿಯಷ್ಟೂ ಅಲ್ಲ, ಅದರಲ್ಲಿ ಜಾಗದ ಹೆಸರೇ ಇರುತ್ತಿರಲಿಲ್ಲ. ಖಾಲಿ ಜಾಗ ತಾವೇ ಹುಡುಕಿ, ಸರ್ವೆಯರ್‌ನಿಂದ ಅಳೆಸಬೇಕು. ಕೈಯಲ್ಲಿ ಕಾಸಿಲ್ಲದವರು ಸರ್ವೆಯರ್‌ಗೆ ಜಮೀನಿನಲ್ಲೇ ಪಾಲು ಕೊಡುತ್ತಿದ್ದರು. ಅಳತೆ 'ವಾರಾ'ದಲ್ಲಿ, 36 ವಾರಾಕ್ಕೆ 100 ಅಡಿ. ಬಾಂದು ಕಲ್ಲಿನ ಬದಲು ಮರಗಳು. ಮೂಲೆಯಿಂದ ಇಂಥ ದಿಕ್ಕಿಗೆ ಇಷ್ಟು ವಾರಾ ದೂರದಲ್ಲಿ ಓಕ್ ಮರ, ಇಷ್ಟು ಇಂಚು ದಪ್ಪ, ಗುರುತು ಕೆತ್ತಿದೆ ಅಂತ ಬರೆದಿಡುತ್ತಿದ್ದರು. ಅಪ್ಪನಿಗೆ ಇದನ್ನು ಓದಿ ಹೇಳಿದಾಗ, "ಚಕ್ಕುಬಂದಿ ಚೆನ್ನಾಗಿ ಬರೆದಿದಾನೆ" ಅಂದರು.

ಈ ಕಾಗದಗಳಿಗಾಗಿ ಒಂದು ಗಲಾಟೆಯೇ ಆಗಿದೆ, ಅದೂ ನಮ್ಮ ರೌಂಡ್ ರಾಕ್‌ನ ಬ್ರಷಿ ಕ್ರೀಕ್ ಹಳ್ಳದ ಪಕ್ಕದಲ್ಲಿ. 1842ರಲ್ಲಿ ಮೆಕ್ಸಿಕೊ ಸೈನ್ಯ ಎರಡು ಸಲ ಸ್ಯಾನ್ ಆಂಟೋನಿಯೊಗೆ ನುಗ್ಗಿತು. ಆಸ್ಟಿನ್‌ನಲ್ಲಿ ದಾಖಲೆ ಇಡುವುದು ಕ್ಷೇಮವಲ್ಲ ಎಂದು ಅಧ್ಯಕ್ಷ ಹ್ಯೂಸ್ಟನ್ ಕಳಿಸಿದ ಗಾಡಿಗಳು ಡಿಸೆಂಬರ್ 30ರಂದು ಊರಿಗೆ ಬಂದವು. ದಾಖಲೆ ಹೋದರೆ ರಾಜಧಾನಿಯೂ ಹೋಯಿತೆಂದು ಊರವರ ಭಯ. ಗಾಡಿಗೆ ಪೆಟ್ಟಿಗೆ ತುಂಬುವುದನ್ನು ನೋಡಿದ ಏಂಜಲೀನಾ ಎಬರ್ಲಿ, ಊಟ ವಸತಿಯ ಮನೆ ನಡೆಸುತ್ತಿದ್ದ ಹೆಂಗಸು, ಬೀದಿಯಲ್ಲಿದ್ದ ಫಿರಂಗಿ ಹಾರಿಸಿ ಊರನ್ನೇ ಎಬ್ಬಿಸಿದರು. ಗಾಡಿಗಳು ಆ ರಾತ್ರಿ ಬ್ರಷಿ ಕ್ರೀಕ್ ದಂಡೆಯ ಕೆನೀಸ್ ಫೋರ್ಟ್‌ನಲ್ಲಿ ತಂಗಿದವು. ಬೆಳಗಾಗುವಷ್ಟರಲ್ಲಿ ಆಸ್ಟಿನ್‌ನವರು ಫಿರಂಗಿ ಸಮೇತ ಬಂದು ಸುತ್ತುವರಿದು ಕಾಗದಗಳನ್ನು ವಾಪಸ್ ಒಯ್ದರು. ಒಂದು ಜೀವವೂ ಹೋಗಲಿಲ್ಲ. ಆಸ್ಟಿನ್‌ನ ಕಾಂಗ್ರೆಸ್ ಅವೆನ್ಯೂನಲ್ಲಿ ಎಬರ್ಲಿಯವರ ಪ್ರತಿಮೆ ಇದೆ, ನೋಡಿ ಬನ್ನಿ.

ಈಗ ನಿಮ್ಮ ಕೆಲಸದ ಮಾತು. ವಾಸದ ಮನೆಯನ್ನು ಸಾಲ ಕೊಟ್ಟವರಿಂದ ಕಾಪಾಡುವ ಕಾನೂನು ಗಣರಾಜ್ಯ 1839ರಲ್ಲಿ ತಂದದ್ದು. ಆ ರಕ್ಷಣೆ ಇವತ್ತೂ ಇದೆ. ಮನೆ ಅಡವಿಟ್ಟು ತಂದ ಸಾಲ, ಕಟ್ಟದ ಆಸ್ತಿ ತೆರಿಗೆ ಇದರೊಳಗೆ ಬರುವುದಿಲ್ಲ. ತೆರಿಗೆಯ ಹೋಮ್‌ಸ್ಟೆಡ್ (ವಾಸದ ಮನೆಯ) ರಿಯಾಯಿತಿ ಬೇರೆ, ಅದಕ್ಕೆ ನೀವೇ ಅರ್ಜಿ ಹಾಕಬೇಕು. ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿ, ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್, ಅದಕ್ಕೆ ದುಡ್ಡು ಕೇಳುವುದಿಲ್ಲ. ದುಡ್ಡು ಕೇಳಿ ಬರುವ ಪತ್ರಗಳನ್ನು ನಂಬಬೇಡಿ. ಡ್ರೈವಿಂಗ್ ಲೈಸೆನ್ಸ್‌ನ ವಿಳಾಸ ಮನೆಯದೇ ಆಗಿರಲಿ. ಗಂಡ ಹೆಂಡತಿ ದುಡಿದದ್ದರಲ್ಲಿ ಇಬ್ಬರಿಗೂ ಹಕ್ಕು ಅನ್ನೋದು ಸ್ಪೇನ್ ಕಾಲದ ಪದ್ಧತಿ. ಗಣರಾಜ್ಯ ಅದನ್ನು ಉಳಿಸಿಕೊಂಡಿತು. ಕಾಗದದಲ್ಲಿ ಒಬ್ಬರದೇ ಹೆಸರಿದ್ದರೂ ವಾಸದ ಮನೆ ಮಾರಲು ಇಬ್ಬರ ಸಹಿ ಬೇಕು. ಇನ್ನು, ನೆಲದಡಿಯ ಎಣ್ಣೆ, ಗ್ಯಾಸ್ ಹಕ್ಕು ಎಷ್ಟೋ ಕಡೆ ಬೇರೆಯವರ ಹೆಸರಲ್ಲಿರುತ್ತದೆ. ಸಹಿಗೆ ಮುಂಚೆ ಟೈಟಲ್ ಕಮಿಟ್‌ಮೆಂಟ್, ಅಂದರೆ ಆಸ್ತಿಯ ಹಕ್ಕಿನ ವಿವರ ಹೇಳುವ ಟೈಟಲ್ ಕಂಪನಿಯ ಕಾಗದ, ಕೂತು ಓದಿ.

ಕೌಂಟಿ ಮತ್ತು ಅಬ್‌ಸ್ಟ್ರಾಕ್ಟ್ ನಂಬರು ಗೊತ್ತಿದ್ದರೆ ಟೆಕ್ಸಾಸ್ ಜನರಲ್ ಲ್ಯಾಂಡ್ ಆಫೀಸಿನ ತಾಣದಲ್ಲಿ ಮೂಲ ಕಡತ ಹುಡುಕಬಹುದು. ನಮ್ಮದರ ಒಂದು ಪ್ರತಿಯನ್ನು ಅಪ್ಪ ಊರಿಗೆ ಒಯ್ದಿದ್ದಾರೆ. ಟ್ರಂಕಿನಲ್ಲಿ, ನಮ್ಮ ತೋಟದ ಪಹಣಿ ಕಟ್ಟಿನ ಜೊತೆಗೇ ಇದೆ.