ಕೊಟ್ಟೆಗೆ ಸ್ಟೇಪ್ಲರ್ ಹೊಡೆಯಬೇಡಿ

ಕಳೆದ ಸಲ ವಿಟ್ಲಪಿಂಡಿಯ, ಅಂದರೆ ಕೃಷ್ಣಾಷ್ಟಮಿಯ ಮರುದಿನದ, ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಪ್ರೀತಿಯಿಂದ ನಾಲ್ಕು ಕೊಟ್ಟೆ ಕಡುಬು (ಹಲಸಿನ ಎಲೆಯ ದೊನ್ನೆಯಲ್ಲಿ, ಅದೇ ಕೊಟ್ಟೆ, ಬೇಯಿಸಿದ್ದು) ತಂದುಕೊಟ್ಟಳು. ಬಿಡಿಸಿದರೆ ಎಲೆಗೆ ಸ್ಟೇಪ್ಲರ್ ಪಿನ್ನು! ಎಂತ ಮಾರಾಯ್ತಿ ಇದು, ತಿನ್ನುವುದಾ ಫೈಲಿಗೆ ಹಾಕುವುದಾ? ಚುಚ್ಚಲು ತೆಂಗಿನ ಗರಿಯ ಕಡ್ಡಿ ಸಿಗಲಿಲ್ಲವಂತೆ. ಅಂಗಳದಲ್ಲೇ ತೆಂಗಿನ ಮರ ಇದೆ! ಇನ್ನು ಕೆಲವರು ಟೂತ್‌ಪಿಕ್ ಚುಚ್ಚುತ್ತಾರೆ. ಅದು ದಪ್ಪ, ಎಲೆ ಸೀಳಿಬಿಡುತ್ತದೆ. ಕೈಲಾಗದಿದ್ದರೆ ಪೇಟೆಯಲ್ಲಿ ಕಟ್ಟಿದ ಕೊಟ್ಟೆ ಸಿಗುತ್ತದೆ, ತನ್ನಿ. ಪಿನ್ನು ಮಾತ್ರ ಬೇಡ.

ಹಿಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉದ್ದು ಬೆಣ್ಣೆಯ ಹಾಗೆ, ಅಕ್ಕಿತರಿ ಅದು ಹಿಡಿಸುವಷ್ಟು. ಸೋಣ ತಿಂಗಳ ಮಳೆಗೆ ಹುಳಿ ಬರುವುದು ತಡ, ಒಲೆಯ ಪಕ್ಕ ಇಡಿ. ಬೆಳಿಗ್ಗೆ ಸುಮ್ನೆ ಕಲಕುತ್ತಾ ಕೂರಬೇಡಿ.

ಇರುವುದೆಲ್ಲ ಎಲೆಯಲ್ಲಿ. ಹಲಸಿನ ಎಲೆ ಚಿಗುರೂ ಆಗಬಾರದು, ಹಳದಿಯೂ ಆಗಬಾರದು. ಕೊಯ್ದು, ಒರೆಸಿ, ಮೊರದಲ್ಲಿ ಹರಡಿ ಸ್ವಲ್ಪ ಬಾಡಲು ಬಿಡಿ. ಮಡಚಿದರೆ ಪಟ್ ಅನ್ನದೆ ಬಗ್ಗಬೇಕು. ಈಗ ನಾಲ್ಕು ಎಲೆ, ತುದಿ ಒಳಗೆ, ತೊಟ್ಟು ಹೊರಗೆ. ತುದಿಗಳು ಒಂದರ ಮೇಲೊಂದು ಹೆಬ್ಬೆರಳಿನಷ್ಟು ಕೂರಲಿ. ನಡುವೆ ಒಂದು ಕಡ್ಡಿ ಚುಚ್ಚಿ, ಹೊಲಿದ ಹಾಗೆ ಕೆಳಗೆ ಹೋಗಿ ಮೇಲೆ ಬರಬೇಕು, ಉಳಿದದ್ದನ್ನು ಮುರಿಯಿರಿ. ಆಮೇಲೆ ಅಕ್ಕಪಕ್ಕದ ಎರಡೆರಡು ಎಲೆ ಎತ್ತಿ, ಅಂಚಿನ ಮೇಲೆ ಅಂಚು ತಂದು ಒಂದೊಂದು ಕಡ್ಡಿ. ನಡುವಿನದ್ದು ಸೇರಿ ಐದು. ಕಡ್ಡಿ ಹಸಿ ತೆಂಗಿನ ಮಡಲಿನದ್ದೇ ಆಗಬೇಕು, ಗುಡಿಸುವ ಹಿಡಿಸೂಡಿಯಿಂದ ಎಳೆಯಬೇಡಿ.

ಕಟ್ಟಿದ ಕೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಹಿಟ್ಟು ಸೋರುತ್ತದೆ. ಅಜ್ಜಿ ಅಷ್ಟಕ್ಕೆ ಬಿಡುತ್ತಿರಲಿಲ್ಲ, ನೀರು ಹೊಯ್ದು ನೋಡುವಳು. ಹನಿ ತೊಟ್ಟಿಕ್ಕಿದರೆ ಮಾತಿಲ್ಲ, ಕೊಟ್ಟೆ ವಾಪಸ್ ನಮ್ಮ ಮಡಿಲಿಗೆ. ಅಷ್ಟಮಿ ಉಪವಾಸದಲ್ಲಿ ಹೊಟ್ಟೆ ಚುರುಗುಟ್ಟುತ್ತಿದ್ದರೂ ಬಿಚ್ಚಿ ಮತ್ತೆ ಕಟ್ಟಬೇಕು.

ಹಿಟ್ಟು ಮುಕ್ಕಾಲು ಹಾಕಿ, ಉಬ್ಬಲು ಜಾಗ ಬೇಕಲ್ವಾ? ನೀರು ಕುದಿ ಬಂದ ಮೇಲೆಯೇ ತೊಂದೂರಿನಲ್ಲಿ (ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ) ಇಡಿ. ಒಂದಕ್ಕೊಂದು ಒತ್ತಿ ನಿಲ್ಲಿಸಿ, ಸಡಿಲ ಇದ್ದರೆ ಮಗುಚುತ್ತದೆ. ಅರ್ಧ ಗಂಟೆಯ ಮೇಲೆ ಎಲೆಯ ಪರಿಮಳ ಜಗಲಿಗೆ ಬರುತ್ತದೆ. ಆಗಲೂ ಮುಚ್ಚಳ ತೆಗೆಯಬೇಡಿ, ಇನ್ನು ಹತ್ತು ನಿಮಿಷ ಇರಲಿ.

ಬಿಡಿಸುವಾಗ ಕಡ್ಡಿ ಎಣಿಸಿ, ಐದೂ ತಟ್ಟೆಯ ಬದಿಗೆ ಬರಬೇಕು. ನನ್ನ ತಮ್ಮ ನಾಲ್ಕೇ ತೆಗೆದು ಗಬಗಬ ತಿಂದ. ಐದನೆಯದು ಒಸಡಿಗೆ ಚುಚ್ಚಿತು. ಆ ವರ್ಷ ಉಡುಪಿಯ ರಥಬೀದಿಗೆ ಹುಲಿವೇಷ ನೋಡಲು ನಾವೆಲ್ಲ ಹೋದೆವು. ಅವನು ಉಪ್ಪುನೀರು ಮುಕ್ಕಳಿಸುತ್ತಾ ಮನೆಯಲ್ಲೇ ಕೂತ.