ಮನೆಯ ಮರಗೆಲಸದ ಶೆಡ್ಡಿನಲ್ಲಿ ಧೂಳು ಮತ್ತು ಹೊಗೆಯಿಂದ ಶ್ವಾಸಕೋಶವನ್ನು ಕಾಪಾಡಿಕೊಳ್ಳುವ ಬಗೆ

ಬೇವಿನ ಹಲಗೆಯನ್ನು ಒಂದು ಗಂಟೆ ಉಜ್ಜಿ ನಯ ಮಾಡಿದವರಿಗೆ ಗಂಟಲು ಕಹಿಯಾಗುವುದು ಗೊತ್ತಿರುತ್ತದೆ. ಆ ಕಹಿ ಮೂಗು ಬಾಯಿಗಳ ಮೂಲಕ ಒಳಗೆ ಹೋದ ಮರದ ಪುಡಿಯದು. ತೇಗವನ್ನೋ ಪ್ಲೈವುಡ್ಡನ್ನೋ ಉಜ್ಜುವಾಗಲೂ ಪುಡಿ ಒಳಗೆ ಹೋಗುತ್ತಲೇ ಇರುತ್ತದೆ; ಅದಕ್ಕೆ ಅಂಥ ರುಚಿಯಿಲ್ಲದ ಕಾರಣ ನಮಗೆ ತಿಳಿಯುವುದಿಲ್ಲ, ಅಷ್ಟೇ. ಕಿನ್ನಾಳದ ಗೊಂಬೆಗಳನ್ನು ನೋಡುತ್ತ ಬೆಳೆದು, ಈಗ ಕೊಪ್ಪಳದಲ್ಲಿ ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಬಿಡುವಿನ ದಿನಗಳಲ್ಲಿ ಮಣೆ, ಸ್ಟೂಲು, ಮಕ್ಕಳ ಆಟಿಕೆಗಳನ್ನು ಮಾಡುವ ನನಗೆ ಈ ಸಂಗತಿ ಮನಸ್ಸಿಗೆ ನಾಟಲು ಕೆಲವು ವರ್ಷಗಳೇ ಬೇಕಾದವು. ‘ನಮ್ಮ ಸೀಮೆಯವರಿಗೆ ಧೂಳು ಹೊಸದೇ?’ ಎಂದು ನಗುವವರು ನಮ್ಮಲ್ಲಿ ಬಹಳ. ಧೂಳಿಗೆ ಒಗ್ಗಿಕೊಳ್ಳುವುದು ನಮ್ಮ ಕಣ್ಣು ಮತ್ತು ಮನಸ್ಸು, ಶ್ವಾಸಕೋಶ ಒಗ್ಗಿಕೊಳ್ಳುವುದಿಲ್ಲ.

ಗರಗಸದಿಂದ ಉದುರುವ ಒರಟು ಹೊಟ್ಟು ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಹೋಗುತ್ತದೆ. ಅಪಾಯವಿರುವುದು ಕಣ್ಣಿಗೆ ಕಾಣದ ಪುಡಿಯಲ್ಲಿ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, 10 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗಿನ ಕೂದಲು, ಸಿಂಬಳಗಳ ಕಾವಲನ್ನು ದಾಟಿ ಒಳಗಿಳಿಯಬಲ್ಲವು, ಅವುಗಳಲ್ಲಿಯೂ ಅತಿ ಸಣ್ಣವು ಶ್ವಾಸಕೋಶದ ಗಾಳಿಗೂಡುಗಳವರೆಗೆ ತಲುಪುತ್ತವೆ. ಗಾಳಿ ಅಲುಗಾಡದ ಕೋಣೆಯಲ್ಲಿ 10 ಮೈಕ್ರಾನಿನ ಕಣ ಎರಡೂವರೆ ಮೀಟರ್ ಎತ್ತರದಿಂದ ನೆಲಕ್ಕಿಳಿಯಲು ಸುಮಾರು ಕಾಲು ಗಂಟೆ ಬೇಕು. 1 ಮೈಕ್ರಾನಿನ ಕಣಕ್ಕೆ ಹೆಚ್ಚು ಕಡಿಮೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ನಂಬಿಕೆ ಬಾರದಿದ್ದರೆ, ಉಜ್ಜುವ ಕೆಲಸ ಮುಗಿಸಿ ಅರ್ಧ ಗಂಟೆ ಬಿಟ್ಟು, ಕತ್ತಲಾದ ಮೇಲೆ ದೀಪ ಆರಿಸಿ, ಟಾರ್ಚಿನ ಬೆಳಕನ್ನು ಅಡ್ಡಲಾಗಿ ಹಾಯಿಸಿ ನೋಡಬೇಕು. ಬೆಳಕಿನಲ್ಲಿ ಪುಡಿ ತೇಲುವುದು ಕಾಣುತ್ತದೆ. ಮಾಸ್ಕ್ ತೆಗೆದು ಚಹಾ ಕುಡಿಯುತ್ತ ನಾವು ಕುಳಿತಿದ್ದ ಗಾಳಿ ಅದು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ವಾರಕ್ಕೊಮ್ಮೆ ಉಳಿ ಹಿಡಿಯುವವರು ಇದರಿಂದ ಗಾಬರಿಯಾಗಬೇಕಿಲ್ಲ, ಆದರೆ ನಿತ್ಯದ ಕೆಮ್ಮು, ಅಲರ್ಜಿ, ಆಸ್ತಮಾಗಳಿಗೆ ಹವ್ಯಾಸಿ ಮತ್ತು ಕಸಬುದಾರ ಎಂಬ ಭೇದವಿಲ್ಲ.

ಹೆಚ್ಚಿನವರು ಮೊದಲು ಮಾಸ್ಕ್ ಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಹೆಜ್ಜೆ. ಧೂಳೇ ಏಳದಂತೆ ಕೆಲಸ ಮಾಡುವುದು ಮೊದಲು, ಎದ್ದ ಧೂಳನ್ನು ಏಳುವ ಜಾಗದಲ್ಲಿಯೇ ಹಿಡಿಯುವುದು ಆಮೇಲೆ, ತಪ್ಪಿಸಿಕೊಂಡದ್ದನ್ನು ಹೊರಗೆ ಕಳಿಸುವುದು ಅದರ ನಂತರ. ಹಲಗೆಯ ಉಬ್ಬುತಗ್ಗನ್ನು ಸ್ಯಾಂಡರಿನಿಂದ (ಉಜ್ಜುವ ಯಂತ್ರದಿಂದ) ತೆಗೆಯುವ ಬದಲು ಹರಿತವಾದ ಹತ್ತರಿಯಿಂದ ಕೀಸಿದರೆ ಬರುವುದು ಸುರುಳಿ ಸುರುಳಿಯಾದ ಸಿಪ್ಪೆ. ಅದು ಯಾರ ಮೂಗಿಗೂ ಹೋಗುವುದಿಲ್ಲ. ಬಳ್ಳಾರಿ ಜಾಲಿಯಂಥ ಗಡಸು ಮರದಲ್ಲಿ ಹತ್ತರಿ ಎಗರುತ್ತದೆಂಬುದು ನಿಜ, ಆದರೆ ಬ್ಲೇಡನ್ನು ಮಸೆಯಲು ಕಳೆದ ಹತ್ತು ನಿಮಿಷ ಉಜ್ಜುವ ಒಂದು ಗಂಟೆಯನ್ನು ಉಳಿಸುತ್ತದೆ. ಕೊನೆಯ ನಯಕ್ಕೆ ನೀರಿನಲ್ಲಿ ನೆನೆಯುವ ಸ್ಯಾಂಡ್ ಪೇಪರ್ ಬಳಸಿ ಒದ್ದೆಯಾಗಿಯೇ ಉಜ್ಜಬಹುದು, ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಗೆ ಮಾತ್ರ ಇದು ಸಲ್ಲದು, ಅದು ನೀರು ಕುಡಿದು ಉಬ್ಬುತ್ತದೆ. ಎಂ.ಡಿ.ಎಫ್.ನ ಪುಡಿ ಬಹಳ ನುಣುಪು, ಸಾಮಾನ್ಯವಾಗಿ ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಕೂಡ ಇರುತ್ತದೆ. ಅಂಗಡಿಯಲ್ಲಿಯೇ ಅಳತೆಗೆ ಕೊಯ್ಯಿಸಿ ತರುವುದು ಮೇಲು.

ಸ್ಯಾಂಡರನ್ನು ಬಳಸಲೇಬೇಕಾದಾಗ ಅದರ ಹಿಂದಿನ ಬಟ್ಟೆಯ ಚೀಲವನ್ನು ನೆಚ್ಚಬಾರದು. ಆ ಚೀಲ ದಪ್ಪ ಪುಡಿಯನ್ನು ಹಿಡಿದಿಟ್ಟು ನುಣುಪಾದುದನ್ನು ಕೋಣೆಗೆ ಬಿಡುತ್ತದೆ. ಚೀಲ ತೆಗೆದು ಆ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಜೋಡಿಸಬೇಕು, ಕ್ಲೀನರಿನಲ್ಲಿ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಬೇಕು. ನಡುವೆ 20 ಲೀಟರಿನ ಖಾಲಿ ಬಣ್ಣದ ಬಕೆಟ್ಟಿನ ಮುಚ್ಚಳದ ಮೇಲೆ ಕೂರಿಸುವ ಸೈಕ್ಲೋನ್ ಎಂಬ ಶಂಕುವಿನಾಕಾರದ ಸಾಧನ ಇಟ್ಟರೆ, ಗಾಳಿ ಅದರೊಳಗೆ ಸುತ್ತುವಾಗ ಪುಡಿಯ ಬಹುಪಾಲು ಬಕೆಟ್ಟಿಗೆ ಬಿದ್ದು ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ.

ಗಾಳಿಯ ವಿಷಯದಲ್ಲಿ ನಮ್ಮೂರುಗಳಿಗೆ ನಮ್ಮದೇ ಲೆಕ್ಕವಿದೆ. ಆಷಾಢದ ಗಾಳಿ ಪಡುವಣದಿಂದ ಬೀಸುವ ಕಾರಣ ಎಕ್ಸಾಸ್ಟ್ ಫ್ಯಾನನ್ನು ಪಶ್ಚಿಮದ ಗೋಡೆಗೆ ಹಾಕಿದರೆ ಅದು ತಳ್ಳಿದ ಧೂಳನ್ನು ಗಾಳಿ ಮರಳಿ ಒಳಗೆ ತರುತ್ತದೆ. ಪೂರ್ವದ ಗೋಡೆಗೆ ಹಾಕಿ ಪಶ್ಚಿಮದ ಕಿಟಕಿಯನ್ನು ತೆರೆದಿಟ್ಟರೆ ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ, ಉಷ್ಣಾಂಶ 40 ಡಿಗ್ರಿ ದಾಟಿದಾಗ, ಕಿಟಕಿಗೆ ಹೊರಗಿನಿಂದ ಕೂರಿಸಿದ ಕೂಲರ್ ತಾಜಾ ಗಾಳಿಯನ್ನು ಒಳಗೆ ತಳ್ಳುವ ಯಂತ್ರವೂ ಹೌದು. ಎದುರಿನ ಗೋಡೆಯ ಫ್ಯಾನ್ ಅದನ್ನು ಎಳೆದುಕೊಂಡರೆ ತಂಪು ಮತ್ತು ಶುದ್ಧ ಗಾಳಿ ಎರಡೂ ಒಟ್ಟಿಗೆ ಸಿಗುತ್ತವೆ. ಕೋಣೆಯೊಳಗೆ ನಿಲ್ಲಿಸಿದ ಕೂಲರ್ ಮತ್ತು ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಇದಕ್ಕೆ ವಿರುದ್ಧ, ಅವು ಕುಳಿತ ಧೂಳನ್ನು ಎಬ್ಬಿಸಿ ಮುಖಕ್ಕೆ ತರುತ್ತವೆ. ಎಕ್ಸಾಸ್ಟಿನ ಬಾಯಿ ಯಾರ ಮಾಳಿಗೆಯ ಕಡೆಗಿದೆ ಎಂಬುದನ್ನೂ ಒಮ್ಮೆ ಇಣುಕಿ ನೋಡಿರಿ. ನನ್ನದು ಮೊದಲು ಪಕ್ಕದ ಮನೆಯವರು ಸಂಡಿಗೆ ಒಣಹಾಕುವ ಜಾಗಕ್ಕೆ ನೇರವಾಗಿತ್ತು.

ಇಷ್ಟಾದ ಮೇಲೆ ಮಾಸ್ಕ್. ಟವೆಲ್ಲನ್ನು ಮುಖಕ್ಕೆ ಸುತ್ತಿಕೊಳ್ಳುವುದು ಬಿಸಿಲಿಗೆ ಸರಿ, ನುಣುಪು ಧೂಳಿಗೆ ಅದು ತಡೆಯಲ್ಲ. ಆಸ್ಪತ್ರೆಯ ನೀಲಿ ಮಾಸ್ಕಿನ ಅಂಚುಗಳಿಂದ ಗಾಳಿ ಸುಲಭವಾಗಿ ನುಗ್ಗುತ್ತದೆ. ಎನ್95 ಮಾಸ್ಕನ್ನಾಗಲಿ, ಐ.ಎಸ್. 9473 ಎಂಬ ಭಾರತೀಯ ಮಾನಕದ ಗುರುತಿರುವ ಎಫ್.ಎಫ್.ಪಿ.2 ಮಾಸ್ಕನ್ನಾಗಲಿ ಕೊಳ್ಳಬೇಕು. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದು ಮುಖಕ್ಕೆ ಬಿಗಿಯಾಗಿ ಕೂರುತ್ತದೆ, ಉಸಿರು ಹೊರಬಿಡಲು ಕವಾಟವಿರುವುದು ನಮ್ಮ ಸೆಕೆಗೆ ಸಹ್ಯ. ಧರಿಸಿ ಜೋರಾಗಿ ಉಸಿರು ಬಿಟ್ಟಾಗ ಅಂಚಿನಿಂದ ಗಾಳಿ ಸೋರಿದರೆ ಅಥವಾ ಕನ್ನಡಕಕ್ಕೆ ಮಂಜು ಹಿಡಿದರೆ ಮೂಗಿನ ಮೇಲಿನ ಪಟ್ಟಿಯನ್ನು ಒತ್ತಿ ಸರಿಪಡಿಸಬೇಕು. ಗಡ್ಡವಿದ್ದವರಿಗೆ ಯಾವ ಮಾಸ್ಕೂ ಸರಿಯಾಗಿ ಕೂರುವುದಿಲ್ಲ. ಬೆವರಿನಿಂದ ಒದ್ದೆಯಾದದ್ದನ್ನು ಬದಲಿಸಬೇಕಾಗುವುದರಿಂದ ಬೇಸಿಗೆಯಲ್ಲಿ ಉಜ್ಜುವ ಕೆಲಸವನ್ನು ಬೆಳಗಿನ ಎಂಟು ಗಂಟೆಯೊಳಗೆ ಮುಗಿಸುವುದು ನನ್ನ ರೂಢಿ.

ಈ ಮಾಸ್ಕುಗಳು ಪಾಲಿಷನ್ನು ತೆಳುಮಾಡುವ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ ಎಂಬುದನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ರಬ್ಬರಿನ ರೆಸ್ಪಿರೇಟರ್ ಬೇಕು. ಆ ಇದ್ದಿಲು ಬಳಸದಿದ್ದಾಗಲೂ ಗಾಳಿಯಲ್ಲಿದ್ದರೆ ಅದರಲ್ಲಿನ ಆವಿಯನ್ನು ಹೀರಿ ತುಂಬಿಹೋಗುವುದರಿಂದ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಪಾಲಿಷ್ ಹಚ್ಚುವಾಗ ಫ್ಯಾನನ್ನು ಗಾಳಿ ಒಳಬರುವ ಕಡೆ, ಬೆನ್ನ ಹಿಂದೆ ಇಡಬೇಕು, ಏಕೆಂದರೆ ಸುಲಭವಾಗಿ ಹೊತ್ತಿಕೊಳ್ಳುವ ಆವಿ ಸಾಮಾನ್ಯ ಫ್ಯಾನಿನ ಮೋಟಾರಿನ ಮೂಲಕ ಹಾದುಹೋಗುವುದು ಬೆಂಕಿಗೆ ಆಹ್ವಾನ. ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸುವ ಪಿ.ಯು. (ಪಾಲಿಯುರೆಥೇನ್) ಪಾಲಿಷನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬಾರದು; ಅದರ ಹಾರ್ಡನರಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಅಪಾಯದ ಮಟ್ಟ ಮುಟ್ಟಿದರೂ ವಾಸನೆಯಿಂದ ಎಚ್ಚರಿಸುವುದಿಲ್ಲ, ಒಮ್ಮೆ ಆಸ್ತಮಾ ತಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ಎಬ್ಬಿಸುತ್ತದೆ. ಸಂದಿಗೆ ಹೊಟ್ಟು ತುಂಬಿ ಫೆವಿಕ್ವಿಕ್ ಸುರಿಯುವ ಜನಪ್ರಿಯ ಉಪಾಯದಲ್ಲಿ ಭುಸ್ಸೆಂದು ಏಳುವ ಆವಿಯ ಮೇಲೆ ಬಗ್ಗದಿದ್ದರೆ ಸಾಕು.

ಗುಜರಿಯಿಂದ ತಂದ ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸವಿರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿ.ಪಿ.ಎಂ.ಗೆ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗೆ) ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕಿಂತ ಹಳೆಯದನ್ನು ಒಣದಾಗಿ ಉಜ್ಜಬಾರದು, ಮಕ್ಕಳಿರುವ ಮನೆಯಲ್ಲಂತೂ ಕೂಡದು. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ವೆಲ್ಡ್ ಮಾಡುವ ಮುನ್ನ ಕೂಡುವ ಜಾಗದ ಸತುವಿನ ಲೇಪವನ್ನು ತೆಗೆಯದಿದ್ದರೆ, ಆ ಬಿಳಿ ಹೊಗೆ ಕೆಲವು ಗಂಟೆಗಳ ನಂತರ ಫ್ಲೂ ಬಂದಂತೆ ಚಳಿಜ್ವರ ತರುತ್ತದೆ. ಕುಷ್ಟಗಿ ಕಡೆಯ ಗ್ರಾನೈಟಿನ ತುಂಡನ್ನು ಗ್ರೈಂಡರಿನಿಂದ ಕೊಯ್ಯುವಾಗ ನೀರು ಸುರಿಯುತ್ತಲೇ ಇರಬೇಕು. ಆ ಕಲ್ಲಿನಲ್ಲಿರುವ ಸಿಲಿಕಾದ ಪುಡಿಯಿಂದಲೇ ಗಣಿ, ಕ್ವಾರಿಗಳ ಕಾರ್ಮಿಕರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರುವುದು, ಅದನ್ನು ವಾಸಿಮಾಡುವ ಔಷಧವಿಲ್ಲ.

ಶೆಡ್ಡನ್ನು ಒಣ ಪೊರಕೆಯಿಂದ ಗುಡಿಸಬಾರದು. ನೀರು ಚಿಮುಕಿಸಿ ಅಥವಾ ಒದ್ದೆ ಬಟ್ಟೆಯಿಂದ ಒರೆಸಬೇಕು, ಅಲ್ಲಿಯವರೆಗೂ ಮಾಸ್ಕ್ ಮುಖದ ಮೇಲೆಯೇ ಇರಬೇಕು. ಕೆಲಸದ ಅಂಗಿಯನ್ನು ಪಡಸಾಲೆಗೆ ತಂದು ಕೊಡವದೆ ಮಾಳಿಗೆಯಲ್ಲಿಯೇ ಬಿಚ್ಚಿ ನೀರಿಗೆ ಹಾಕಬೇಕು.

ಶೆಡ್ಡಿನಲ್ಲಿ ದುಡಿದ ದಿನಗಳ ಸಂಜೆ ಮಾತ್ರ ಕೆಮ್ಮು, ಎದೆ ಬಿಗಿತ ಅಥವಾ ಸಿಳ್ಳೆಯಂಥ ಉಸಿರು ಕಾಣಿಸಿ, ಊರಿಗೆ ಹೋದಾಗ ಅದು ತಾನಾಗಿ ಇಳಿದರೆ ಕಾರಣ ಶೆಡ್ಡಿನಲ್ಲಿಯೇ ಇದೆ ಎಂದು ಅನುಮಾನಿಸಬೇಕು. ತೇಗ, ಬೀಟೆಗಳು ಕೆಲವರಿಗೆ ವರ್ಷಗಟ್ಟಲೆ ಏನೂ ಮಾಡದೆ ಆಮೇಲೆ ಹೀಗೆ ಅಲರ್ಜಿ ತರುವುದುಂಟು. ವೈದ್ಯರ ಬಳಿಗೆ ಹೋಗುವಾಗ ಬರಿಯ ಕೆಮ್ಮಿನ ಕಥೆ ಹೇಳದೆ, ಯಾವ ದಿನ ಯಾವ ಮರ ಉಜ್ಜಿದ್ದೀರಿ ಎಂದು ಬರೆದ ಚೀಟಿಯನ್ನೂ, ಬಳಸಿದ ಥಿನ್ನರ್ ಮತ್ತು ಪಾಲಿಷಿನ ಡಬ್ಬಿಯ ಮೇಲಿನ ಚೀಟಿಯ ಫೋಟೋವನ್ನೂ ತೆಗೆದುಕೊಂಡು ಹೋಗಿರಿ.